ಭಕ್ಷೀಸು: ವಿಜಯಪುರ, ತಿಕೋಟಾ, ಬಬಲೇಶ್ವರ ಪರಿಸರದ ರೂಢಿ

ಗೊತ್ತುಪಡಿಸಿದ ಬೆಲೆಯನ್ನೋ ಕೂಲಿಯನ್ನೋ ಸಲ್ಲಿಸಿದ ಮೇಲೆ, ಸೇವೆ ಮಾಡಿದವರ ಕೈಗೆ ಗಿರಾಕಿಯು ತನ್ನ ಇಷ್ಟದಿಂದ ನೇರವಾಗಿ ಕೊಡುವ ಹೆಚ್ಚುವರಿ ಹಣ ಅಥವಾ ವಸ್ತುವಿಗೆ ಭಕ್ಷೀಸು ಎಂದು ಹೆಸರು. ಪಾರಸಿಯಿಂದ ಬಂದ ಈ ಮಾತು, 1490ರಿಂದ 1686ರವರೆಗೆ ಆದಿಲಶಾಹಿ ಅರಸರ ರಾಜಧಾನಿಯಾಗಿದ್ದ ವಿಜಯಪುರದಲ್ಲಿ ಇನಾಮು, ವತನ, ಜಹಗೀರು ಮೊದಲಾದ ಮಾತುಗಳ ಜೊತೆಯಲ್ಲೇ ಬೇರೂರಿತು. ಇಂದಿನ ಆಡುನುಡಿಯಲ್ಲಿ ಟಿಪ್ಸು, ಖುಷಿ, ಚಾಪಾನಿ ಎಂಬ ಮಾತುಗಳೂ ನಡೆಯುತ್ತವೆ. ಆದರೆ ಇವೆಲ್ಲ ಒಂದೇ ಅಲ್ಲ. ಖಾನಾವಳಿಯ ಮೇಜಿನ ಮೇಲೆ ಉಳಿಸಿಹೋಗುವುದು ಟಿಪ್ಸು, ಕೆಲಸ ಚೆನ್ನಾಗಿ ಮುಗಿದ ಸಂತೋಷಕ್ಕೆ ಕೊಡುವುದು ಖುಷಿ, ಚಾಪಾನಿಯಾದರೋ ಸಂದರ್ಭಕ್ಕೆ ತಕ್ಕಂತೆ ಚಹಾದ ಖರ್ಚೂ ಆಗಬಹುದು, ಲಂಚವೂ ಆಗಬಹುದು. ಹಮಾಲರು ಮೂಟೆ ಲೆಕ್ಕದಲ್ಲಿ ಪಡೆಯುವ ಹಮಾಲಿ, ಪುರೋಹಿತರಿಗೂ ಅಯ್ಯನವರಿಗೂ ಸಲ್ಲುವ ದಕ್ಷಿಣೆ, ಮತ್ತು ಕಾನೂನಿನ ಪ್ರಕಾರ ಮಾಲೀಕ ಕೊಡಲೇಬೇಕಾದ ಬೋನಸ್ಸು ಭಕ್ಷೀಸಿನ ವ್ಯಾಪ್ತಿಗೆ ಸೇರುವುದಿಲ್ಲ.

ಈ ಲೇಖನಕ್ಕೆ ವಿಷಯವಾದ ಮೂರು ಊರುಗಳಲ್ಲಿ ವಿಜಯಪುರವು ಜಿಲ್ಲಾ ಕೇಂದ್ರ. 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕಚೇರಿ ಇಲ್ಲಿಗೆ ಬಂದಿತು, 2014ರ ನವೆಂಬರ್ 1ರಂದು ಬಿಜಾಪುರವೆಂಬ ಹೆಸರು ವಿಜಯಪುರವಾಯಿತು. ಅಥಣಿ ದಾರಿಯ ಮೇಲಿನ ತಿಕೋಟಾ ಮತ್ತು ಜಮಖಂಡಿ ದಾರಿಯ ಮೇಲಿನ ಬಬಲೇಶ್ವರ 2017–18ರ ರಾಜ್ಯ ಆಯವ್ಯಯದಲ್ಲಿ ಘೋಷಣೆಯಾದ ಹೊಸ ತಾಲೂಕುಗಳ ಪೈಕಿಯವು. ಮೊದಲನೆಯದು ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾದುದು, ಎರಡನೆಯದರ ದಕ್ಷಿಣದ ಅಂಚು ಕೃಷ್ಣಾ ನದಿಯ ಕಬ್ಬಿನ ಸೀಮೆ. ಪ್ರವಾಸಿಗರು ಬಂದುಹೋಗುವ ನಗರಕ್ಕೂ, ಕೊಡುವವರಿಗೂ ಪಡೆಯುವವರಿಗೂ ತಲೆಮಾರುಗಳ ಪರಿಚಯವಿರುವ ಈ ಎರಡು ಊರುಗಳಿಗೂ ಭಕ್ಷೀಸಿನ ರೀತಿಯಲ್ಲಿ ಸ್ಪಷ್ಟವಾದ ಅಂತರವಿದ್ದರೂ, ಒಂದು ಲಕ್ಷಣ ಮೂರಕ್ಕೂ ಸಮಾನವಾಗಿದೆ: ಕೊಡುವ ಮೊತ್ತವನ್ನು ಬಿಲ್ಲಿನ ಶೇಕಡಾ ಲೆಕ್ಕ ನಿರ್ಧರಿಸುವುದಿಲ್ಲ, ಸಂದರ್ಭ ಮತ್ತು ಸಂಬಂಧ ನಿರ್ಧರಿಸುತ್ತವೆ. ಅಮೆರಿಕದಲ್ಲಿ ಬಿಲ್ಲಿನ ಶೇ. 15ರಿಂದ 20ರಷ್ಟನ್ನು ಕೊಡುವುದು ಹೆಚ್ಚುಕಡಿಮೆ ಕಡ್ಡಾಯದಂತಿದ್ದರೆ, ಜಪಾನಿನಲ್ಲಿ ಟಿಪ್ಸು ಕೊಡುವುದೇ ಮುಜುಗರದ ಸಂಗತಿ; ವಿಜಯಪುರದ ರೂಢಿ ಇವೆರಡರ ನಡುವಿನದಲ್ಲ, ಅದರ ಮೂಲವೇ ಬೇರೆ.

ಆ ಮೂಲವನ್ನು ಹಳ್ಳಿಯ ಆಯದ ಪದ್ಧತಿಯಲ್ಲಿ ಹುಡುಕಬೇಕಾಗುತ್ತದೆ. ಬಡಿಗ, ಕಂಬಾರ, ಕುಂಬಾರ, ಹಡಪದ, ಅಗಸ, ಸಮಗಾರ, ತಳವಾರ ಮುಂತಾದ ಆಯಗಾರರು ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳದ ರಾಶಿಯಿಂದ ತಮ್ಮ ಪಾಲನ್ನು ಒಯ್ಯುತ್ತಿದ್ದರು. ಈ ಪಾಲು ರೂಢಿಯಿಂದ ಗೊತ್ತಾಗಿದ್ದ ಹಕ್ಕು. ಅದರ ಮೇಲೆ ರೈತ ತನ್ನ ಮನಸ್ಸಿಗೆ ಬಂದಂತೆ ಹಾಕುತ್ತಿದ್ದ ಒಂದೆರಡು ಮೊರ ಹೆಚ್ಚಿನ ಕಾಳು, ಹಬ್ಬದ ದಿನದ ಹೋಳಿಗೆ, ಮಗುವಿನ ಜವಳ ತೆಗೆದ ಹಡಪದನಿಗೆ ಅಕ್ಕಿ, ತೆಂಗಿನಕಾಯಿ, ಬಟ್ಟೆಯೊಡನೆ ಇಡುವ ಹಣ, ಇವು ಖುಷಿಯ ಭಾಗ. ಹಕ್ಕು ಎಲ್ಲಿ ಮುಗಿಯಿತು, ಖುಷಿ ಎಲ್ಲಿ ಶುರುವಾಯಿತು ಎಂಬುದು ಎರಡೂ ಕಡೆಯವರಿಗೆ ಗೊತ್ತಿದ್ದರೂ ಬಾಯಿಬಿಟ್ಟು ಹೇಳುವ ಕ್ರಮವಿರಲಿಲ್ಲ. ಈ ಪದ್ಧತಿಯನ್ನು ಸೌಹಾರ್ದದ ಚಿತ್ರವನ್ನಾಗಿ ಮಾತ್ರ ಬರೆಯುವುದು ತಪ್ಪಾಗುತ್ತದೆ. ಊರ ಹೊರಗೆ ಇರಬೇಕಾಗಿದ್ದ ಜಾತಿಗಳ ಸೇವಕರಿಗೆ ಅದು ಬಿಡಲಾಗದ ಬಿಟ್ಟಿ ದುಡಿಮೆಯಾಗಿತ್ತು, ಮತ್ತು ಅವರ ಪಾಲಿಗೆ ಬರುತ್ತಿದ್ದ ‘ಹೆಚ್ಚಿನದು’ ಅನೇಕ ವೇಳೆ ಹಿಂದಿನ ದಿನ ಉಳಿದ ಅಡುಗೆಯಾಗಿರುತ್ತಿತ್ತು. ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ, 1961ರಿಂದ ವಂಶಪಾರಂಪರ್ಯದ ಸರ್ಕಾರಿ ಗ್ರಾಮ ಹುದ್ದೆಗಳು ಹೋದವು. ಕುಶಲಕರ್ಮಿಗಳ ಆಯ ನಗದು ಕೂಲಿಯ ಮುಂದೆ ತಾನಾಗಿಯೇ ಕರಗುತ್ತ ಬಂದಿತು. ಉಳಿದುಕೊಂಡದ್ದು ಮನೋಭಾವ: ಕೆಲಸಕ್ಕೆ ಕೂಡಲೇ ಕೊಡುವ ಬಿಡಿಕಾಸಿಗಿಂತ ಹಬ್ಬಕ್ಕೊಮ್ಮೆ ಕೊಡುವ ತೂಕದ ಕೊಡುಗೆಯೇ ಮರ್ಯಾದೆಯದು ಎಂಬ ಎಣಿಕೆ.

ಆದ್ದರಿಂದ ಇಲ್ಲಿಯ ಭಕ್ಷೀಸಿಗೆ ಒಂದು ಪಂಚಾಂಗವಿದೆ. ವರ್ಷದ ಸಂಬಳಕ್ಕೆ ನಿಲ್ಲುವ ಆಳಿನ ಮಾತುಕತೆ ಯುಗಾದಿಯ ಪಾಡ್ಯದ ಆಸುಪಾಸಿನಲ್ಲಿ ನಡೆಯುವಾಗ ಸಂಬಳದ ಜೊತೆಗೆ ಧೋತರ, ರುಮಾಲು, ಕಾಲ್ಮರಿಗಳ ಮಾತೂ ಬರುತ್ತಿತ್ತು. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಅಂದರೆ ಬೆಳೆಗೂ ಭೂಮಿತಾಯಿಗೂ ಅಡುಗೆಯ ಎಡೆ ಎರಚಿದ ಮೇಲೆ, ಆಳುಗಳನ್ನೂ ಅವರ ಮನೆಯವರನ್ನೂ ಕೂಡಿಸಿ ಊಟಕ್ಕೆ ಹಾಕುವುದು ಇಂದಿಗೂ ಇದೆ. ದೀಪಾವಳಿಯಲ್ಲಿ ಅಂಗಡಿಯ ಲಕ್ಷ್ಮೀಪೂಜೆ ಮುಗಿದ ಕೂಡಲೇ ಕೆಲಸದವರಿಗೆ ಬಟ್ಟೆ, ಮಿಠಾಯಿ ಪೊಟ್ಟಣ ಮತ್ತು ಲಕೋಟೆ ಸಲ್ಲುತ್ತವೆ. ಮನೆಗೆಲಸದವರು, ಕಸ ಒಯ್ಯುವವರು, ಪತ್ರಿಕೆ ಹಾಕುವ ಹುಡುಗರು ಅದೇ ದಿನಗಳಲ್ಲಿ ಮನೆಮನೆಗೆ ಬಂದು ತಮ್ಮದನ್ನು ಪಡೆಯುತ್ತಾರೆ. ಗಡಿಯಾಚೆಯ ಮರಾಠಿ ಸೀಮೆಯಲ್ಲಿ ಇದಕ್ಕೆ ‘ದಿವಾಳಿ ಪೋಸ್ತ’ ಎಂಬ ಹೆಸರೇ ಇದೆ. ವರ್ಷಕ್ಕೊಮ್ಮೆ ಕೊಡುವ ಈ ಹಣವನ್ನು ಕೊಡುವವರು ಔದಾರ್ಯವೆಂದು ಭಾವಿಸಿದರೂ, ವರ್ಷಪೂರ್ತಿ ಕಡಿಮೆ ಪಗಾರಕ್ಕೆ ದುಡಿಸಿಕೊಂಡ ಮನೆಗಳಲ್ಲಿ ಅದು ಬಾಕಿ ಉಳಿದ ಪಗಾರವೇ ಸರಿ.

ಬಿಡಿ ಟಿಪ್ಸಿನ ಮುಖ್ಯ ನೆಲೆ ಖಾನಾವಳಿ. ಜೋಳದ ರೊಟ್ಟಿಯ ಊಟವನ್ನು ತಾಟಿನ ಲೆಕ್ಕದಲ್ಲಿ ಬಡಿಸುವ ಈ ಊಟದ ಮನೆಗಳು ವಿಜಯಪುರದ ಬಸ್ ನಿಲ್ದಾಣ, ಮಾರುಕಟ್ಟೆ, ಕಚೇರಿಗಳ ಸುತ್ತ ದಟ್ಟವಾಗಿವೆ. ತಾಲೂಕು ಕಚೇರಿಗಳು ಬಂದ ಮೇಲೆ ತಿಕೋಟಾ, ಬಬಲೇಶ್ವರಗಳಲ್ಲೂ ಇವುಗಳ ಗಿರಾಕಿ ಹೆಚ್ಚಿದೆ. ಊಟದ ಬೆಲೆ ನಿಗದಿಯಾಗಿರುವುದರಿಂದ ಬಿಲ್ಲು ದೊಡ್ಡದಾಗುವುದಿಲ್ಲ, ಶೇಕಡಾ ಲೆಕ್ಕಕ್ಕೆ ಅವಕಾಶವೂ ಇಲ್ಲ. ಗಲ್ಲಾದಿಂದ ತಾಟಿನಲ್ಲಿ ಬಡೇಸೋಪಿನ ಜೊತೆ ಬಂದ ಚಿಲ್ಲರೆಯಲ್ಲಿ ನೋಟನ್ನು ತೆಗೆದುಕೊಂಡು ನಾಣ್ಯವನ್ನು ಬಿಡುವುದು ಹಳೆಯ ಕ್ರಮ. ಒಮ್ಮೆ ಬಂದುಹೋಗುವವನು ಐದೋ ಹತ್ತೋ ರೂಪಾಯಿ ಬಿಟ್ಟರೆ ಸಾಕು, ಬಿಡದಿದ್ದರೂ ಯಾರೂ ಮುಖ ಸಿಂಡರಿಸುವುದಿಲ್ಲ. ತಿಂಗಳ ಲೆಕ್ಕದಲ್ಲಿ ಉಣ್ಣುವ ನೌಕರರು, ವಿದ್ಯಾರ್ಥಿಗಳು ದಿನವೂ ಏನನ್ನೂ ಬಿಡುವುದಿಲ್ಲ; ತಿಂಗಳ ಕೊನೆಗೋ ಊರಿಗೆ ಹೋಗುವಾಗಲೋ ಬಡಿಸುವವನ ಜೇಬಿಗೆ ಒಟ್ಟಿಗೆ ಹಾಕುತ್ತಾರೆ. ಪ್ರತಿಫಲವೂ ಅದೇ ಬಗೆಯದು: ಯಾರಿಗೆ ಕಟಕ ರೊಟ್ಟಿ, ಯಾರಿಗೆ ಬಿಸಿ ರೊಟ್ಟಿ, ಯಾರಿಗೆ ಎಣಗಾಯಿಯ ಮೇಲೆ ಇನ್ನಷ್ಟು ಶೇಂಗಾ ಹಿಂಡಿ ಬೇಕು ಎಂಬುದನ್ನು ಸಪ್ಲಾಯರ್ ನೆನಪಿಟ್ಟುಕೊಳ್ಳುತ್ತಾನೆ. ಆದರೆ ಈ ರೂಢಿಯ ದೊಡ್ಡ ಕೊರತೆಯೂ ಖಾನಾವಳಿಯಲ್ಲಿಯೇ ಕಾಣಿಸುತ್ತದೆ. ಊಟದ ರುಚಿಗೆ ಕಾರಣರಾದವರು ಒಳಗೆ ಬೆಂಕಿಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಮೇಜಿನ ಮೇಲೆ ಬಿಟ್ಟ ಹಣ ಅವರಿಗೆ ತಲಪುವುದು ಮಾಲೀಕರೋ ಸಪ್ಲಾಯರನೋ ಹಂಚಿದರೆ ಮಾತ್ರ. ಎಂಜಲು ತಾಟು ತೊಳೆಯುವವರ ಸ್ಥಿತಿಯೂ ಇದೇ. ಕಣ್ಣಿಗೆ ಬೀಳುವ ಕೈಗೆ ಭಕ್ಷೀಸು, ಕಾಣದ ಕೈಗೆ ಬರೀ ಕೂಲಿ ಎಂಬುದು ಜಗತ್ತಿನ ಎಷ್ಟೋ ಹೋಟೆಲುಗಳ ನಿಯಮವಾದರೂ, ರೊಟ್ಟಿಯೇ ಊಟದ ಜೀವವಾಗಿರುವ ಕಡೆ ಅದರ ಅನ್ಯಾಯ ಹೆಚ್ಚು ಎದ್ದು ಕಾಣುತ್ತದೆ.

ಎಷ್ಟು ಕೊಟ್ಟರು ಎಂಬುದಕ್ಕಿಂತ ಹೇಗೆ ಕೊಟ್ಟರು ಎಂಬುದಕ್ಕೆ ಈ ಭಾಗದಲ್ಲಿ ಬೆಲೆ ಹೆಚ್ಚು. ಹಣವನ್ನು ಎಸೆಯಬಾರದು, ಎಡಗೈಯಿಂದ ಕೊಡಬಾರದು, ಎಣಿಸಿ ತೋರಿಸಬಾರದು. ನೋಟನ್ನು ಮಡಚಿ ಅಂಗೈಗೆ ಅಂಗೈ ತಾಗಿಸಿದಂತೆ ಕೊಟ್ಟು ‘ಚಾ ಕುಡೀರಿ’ ಎನ್ನುವುದು ಎಲ್ಲರೂ ಒಪ್ಪುವ ವಿಧಾನ. ಪಡೆಯುವವರು ವಯಸ್ಸಿನಲ್ಲಿ ಹಿರಿಯರಾದರೆ ‘ಕಾಕಾ’, ‘ಯಜಮಾನ್ರ’, ‘ಅಕ್ಕಾರ’ ಎಂದು ಕರೆದು, ಕೊಡುವುದಕ್ಕಿಂತ ಒಪ್ಪಿಸುವ ಧಾಟಿಯಲ್ಲಿ ಮುಂದಿಡಬೇಕು. ಕಿರಿಯನಾದರೆ ‘ತಮ್ಮಾ, ಇಟ್ಗೋ’ ಎಂದರೆ ಸಾಕು. ನೇರವಾಗಿ ಕೊಟ್ಟರೆ ನೊಂದುಕೊಳ್ಳುವರೆಂಬ ಅನುಮಾನವಿದ್ದಲ್ಲಿ ಜೊತೆಗಿರುವ ಅವರ ಮಗುವಿನ ಕೈಗೆ ನೋಟು ಇಡುವುದು ಬಹಳ ಚಾಣಾಕ್ಷವಾದ ದಾರಿ, ಏಕೆಂದರೆ ಮಗುವಿಗೆ ಕೊಟ್ಟದ್ದನ್ನು ತಿರುಗಿಸುವುದು ಅಶುಭವೆಂಬ ನಂಬಿಕೆಯಿದೆ. ಮಂಗಲಕಾರ್ಯಗಳಲ್ಲಿ 11, 51, 101 ಎಂದು ಒಂದು ರೂಪಾಯಿ ಸೇರಿಸಿಯೇ ಕೊಡಬೇಕು. ಟಿಪ್ಸಿಗೆ ಆ ನಿಯಮವಿಲ್ಲ. ಹಳ್ಳಿಗಳಲ್ಲಿ ಕೊಡದಿರುವುದೇ ಮರ್ಯಾದೆಯಾಗುವ ಸಂದರ್ಭಗಳೂ ಕಡಿಮೆಯಲ್ಲ. ಚಹಾದಂಗಡಿಯ ಮಾಲೀಕ ತನ್ನ ಕೈಯಿಂದಲೇ ಚಹಾ ತಂದಿಟ್ಟಾಗ, ಬಡಿಸುವ ಹುಡುಗ ದೂರದ ಬೀಗರ ಕಡೆಯವನಾದಾಗ, ಹೆಚ್ಚಿಗೆ ಹಣ ಇಡುವುದೆಂದರೆ ಸಂಬಂಧವನ್ನು ತಳ್ಳಿಹಾಕಿದಂತೆ. ಅಂಥಲ್ಲಿ ಬಿಲ್ಲು ಕೊಡುವುದಕ್ಕೇ ಗಲ್ಲಾದ ಮುಂದೆ ಜಗ್ಗಾಟ ನಡೆಯುವಾಗ ಟಿಪ್ಸಿನ ಪ್ರಶ್ನೆ ಏಳುವುದಿಲ್ಲ. ‘ಬ್ಯಾಡ್ರಿ, ನಮಗ ಪಗಾರ ಐತಿ’ ಎಂದು ಹಿಂದಿರುಗಿಸುವ ಕೆಲಸಗಾರರೂ ಸಿಗುತ್ತಾರೆ. ಬಸವಣ್ಣನವರ ಬಾಗೇವಾಡಿ ಇರುವ ಈ ಜಿಲ್ಲೆಯಲ್ಲಿ ಇಂಥ ನಿರಾಕರಣೆಗೆ ಕಾಯಕದ ವಿಚಾರವೂ ಒಂದು ಹಿನ್ನೆಲೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ಇಲ್ಲಿ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2023ರ ಜನವರಿ 2ರಂದು ಲಿಂಗೈಕ್ಯರಾದ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಪದ್ಮಶ್ರೀಯನ್ನು ಒಪ್ಪಿಕೊಳ್ಳದಿದ್ದುದೂ, ಅವರ ಅಂಗಿಗೆ ಜೇಬೇ ಇರದಿದ್ದುದೂ ಜನರ ನೆನಪಿನಲ್ಲಿ ಇದೇ ಸಾಲಿಗೆ ಸೇರಿವೆ.

ಪ್ರವಾಸಿಗರ ಲೋಕ ಬೇರೆ. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಬದಿಗೆ ನಿಂತು ಕಾಗದ ಹರಿದ, ಕಡ್ಡಿ ಗೀರಿದ ಸದ್ದನ್ನು ಎದುರು ಬದಿಯವರಿಗೆ ಕೇಳಿಸಿ ತೋರುವವರು, ಇಬ್ರಾಹಿಂ ರೋಜಾದ ಕೆತ್ತನೆಯ ಬರಹಗಳನ್ನು ಬೆರಳಿಟ್ಟು ವಿವರಿಸುವವರು, ಟಾಂಗಾ ಹೊಡೆಯುವವರು, ಪಾದರಕ್ಷೆ ಕಾಯುವವರು, ಇವರಿಗೆ ಗಿರಾಕಿ ಮರಳಿ ಬರುವವನಲ್ಲ. ಹಾಗಾಗಿ ನೆನಪಿನ ಲೆಕ್ಕವೂ ಇಲ್ಲ, ಹಬ್ಬದ ಲೆಕ್ಕವೂ ಇಲ್ಲ, ಅಲ್ಲಿಂದಲ್ಲಿಗೇ ಮುಗಿಯಬೇಕು. ಬೆಲೆಯನ್ನು ಮೊದಲೇ ಮಾತಾಡದೆ ‘ಖುಷಿಲೆ ಏನರೆ ಕೊಡ್ರಿ’ ಎಂದು ಬಿಡುವುದರಲ್ಲಿ ಎರಡು ಅಪಾಯಗಳಿವೆ: ಕೆಲಸಗಾರನಿಗೆ ನ್ಯಾಯವಾದ ಕೂಲಿಯೇ ತಪ್ಪಬಹುದು, ಪ್ರವಾಸಿಗೆ ತನ್ನನ್ನು ಸುಲಿದರೆಂಬ ಭಾವ ಬರಬಹುದು. ದರವನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಖುಷಿಯನ್ನು ಪ್ರತ್ಯೇಕವಾಗಿ ಕೊಡುವುದೇ ಇಬ್ಬರಿಗೂ ಕ್ಷೇಮ.

ಟಿಪ್ಸು ಗುಟ್ಟಾಗಿರಬೇಕೆಂಬ ನಿಯಮಕ್ಕೆ ಕಲೆಯ ಸಂದರ್ಭವೊಂದು ಅಪವಾದ. ಮದುವೆಯ ಮೆರವಣಿಗೆಯಲ್ಲಿ ವರನ ತಲೆಯ ಸುತ್ತ ನೋಟು ನಿವಾಳಿಸಿ ಬ್ಯಾಂಡಿನವರಿಗೆ, ಹಲಗಿಯವರಿಗೆ ಕೊಡುವುದು ನಾಲ್ಕು ಜನರ ಎದುರಿಗೇ. ಬಯಲಾಟ, ನಾಟಕಗಳಲ್ಲಿ ಮೆಚ್ಚಿದ ಪಾತ್ರಧಾರಿಗೆ ಸಲ್ಲುವ ಆಯೇರಿಯನ್ನು ಕೊಟ್ಟವರ ಹೆಸರು, ಮೊತ್ತಗಳೊಡನೆ ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಇಲ್ಲಿ ಕೊಡುವವನ ಹೆಸರು ಕೇಳಿಸುವುದೂ ಕೊಡುಗೆಯ ಒಂದು ಭಾಗ.

ಖುಷಿಯೆಂಬ ಹೆಸರು ಉಳಿದು ಖುಷಿಯೇ ಇಲ್ಲದ ವ್ಯವಹಾರವನ್ನು ನೋಡಬೇಕಾದರೆ ಕಬ್ಬಿನ ಹಂಗಾಮಿಗೆ ಬರಬೇಕು. ಬಬಲೇಶ್ವರ ತಾಲೂಕಿನ ನದಿ ತೀರದಿಂದ ಹಿಡಿದು ಬಾಗಲಕೋಟೆ, ಬೆಳಗಾವಿ, ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳವರೆಗೆ ಹಬ್ಬಿರುವ ಸಕ್ಕರೆ ಸೀಮೆಯಲ್ಲಿ ಕಟಾವು ಮಾಡುವ ಗ್ಯಾಂಗಿಗೆ ಕಾರ್ಖಾನೆ ಗೊತ್ತುಪಡಿಸಿದ ಕೂಲಿಯಿದೆ. ಕಟಾವು ಮತ್ತು ಸಾಗಣೆಯ ವೆಚ್ಚ ರೈತನಿಗೆ ಬರುವ ಕಬ್ಬಿನ ಬೆಲೆಯಲ್ಲೇ ಮುರಿದುಹೋಗುತ್ತದೆ. ಅದರ ಮೇಲೆ ಹೊಲದ ಯಜಮಾನನು ಗ್ಯಾಂಗಿನವರಿಗೆ ಹಬ್ಬದೂಟವನ್ನೋ ಒಂದಿಷ್ಟು ರೊಕ್ಕವನ್ನೋ ಕೊಡುತ್ತಿದ್ದುದು ಮೂಲದಲ್ಲಿ ನಿಜವಾಗಿಯೂ ಖುಷಿಯೇ ಆಗಿತ್ತು. ಮರಾಠಿಯಲ್ಲಿ ‘ಖುಷಾಲಿ’ ಎನ್ನಿಸಿಕೊಳ್ಳುವ ಈ ಕೊಡುಗೆ ಕಾಲಕ್ರಮದಲ್ಲಿ ಎಕರೆಗೆ ಇಷ್ಟು, ವಾಹನದ ಚಾಲಕನಿಗೆ ಪ್ರತಿ ಖೇಪಿಗೆ ‘ಎಂಟ್ರಿ’ ಎಂದು ಇಷ್ಟು ಎಂಬ ದರವಾಗಿ ಗಟ್ಟಿಗೊಂಡಿತು. ಅದರ ವಿರುದ್ಧ ರೈತ ಸಂಘಟನೆಗಳು ಹಂಗಾಮು ಹಂಗಾಮಿಗೂ ದೂರುತ್ತ ಬಂದಿವೆ.

ಇದರ ಕಾರಣ ಗ್ಯಾಂಗಿನವರ ದುರಾಸೆಯೊಂದೇ ಅಲ್ಲ, ಕಬ್ಬಿನ ಸ್ವಭಾವವೂ ಹೌದು. ಬಲಿತ ಕಬ್ಬು ಗದ್ದೆಯಲ್ಲೇ ಉಳಿದರೆ ಹೂಬಿಟ್ಟು ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುತ್ತದೆ, ಕಡಿದ ಕಬ್ಬಾದರೋ ಒಂದು ದಿನದೊಳಗೆ ಗಾಣಕ್ಕೆ ಬೀಳಬೇಕು. ಗ್ಯಾಂಗುಗಳು ಕಡಿಮೆ, ಕಾಯುವ ಹೊಲಗಳು ಹೆಚ್ಚು. ಯಾರ ಹೊಲಕ್ಕೆ ಮೊದಲು ಕೊಯ್ತಾ ಹಾಕಬೇಕೆಂಬುದು ಗ್ಯಾಂಗಿನ ಮುಖಂಡನಾದ ಮುಕಾದಮನ ಕೈಯಲ್ಲಿ. ಖುಷಾಲಿ ಕೊಡುವ ಶಕ್ತಿಯುಳ್ಳ ದೊಡ್ಡ ರೈತನ ಸರದಿ ಮುಂದೆ ಬರುತ್ತದೆ, ಒಂದೆರಡು ಎಕರೆಯವನದು ಹಿಂದೆ ಬೀಳುತ್ತದೆ. ಇತ್ತ ಗ್ಯಾಂಗಿನವರು ಹಂಗಾಮಿನ ಮೊದಲೇ ಮುಂಗಡ ಪಡೆದು ಆ ಸಾಲ ತೀರಿಸಲು ತಿಂಗಳುಗಟ್ಟಲೆ ಗುಡಿಸಲಲ್ಲಿ ಇರುವವರು. ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೇ ಅನೇಕ ಲಂಬಾಣಿ ಕುಟುಂಬಗಳು ಇದೇ ಕೆಲಸಕ್ಕೆ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಒಂದೇ ಜಿಲ್ಲೆಯ ರೈತ ಇಲ್ಲಿ ಕೊಡುವವನು, ಕೂಲಿಕಾರ ಅಲ್ಲಿ ಕೇಳುವವನು ಆಗಿರುವುದರಿಂದ ಇದರಲ್ಲಿ ಯಾರನ್ನೂ ಸುಲಭವಾಗಿ ದೂಷಿಸುವಂತಿಲ್ಲ. ಆದರೆ ಲಕ್ಷಣದ ದೃಷ್ಟಿಯಿಂದ ಒಂದು ಮಾತು ಸ್ಪಷ್ಟ: ಕೆಲಸದ ನಂತರ ಕೊಟ್ಟದ್ದು ಭಕ್ಷೀಸು, ಕೆಲಸ ಶುರುವಾಗಲೆಂದು ಮೊದಲೇ ಕೊಟ್ಟದ್ದು ಬೆಲೆ. ತಿಕೋಟಾ ಭಾಗದ ಕೆಲವು ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ಮುಗಿದ ಮೇಲೆ ಕೆಲಸದ ಹೆಂಗಸರಿಗೆ ಹಣ್ಣನ್ನೋ ಒಣದ್ರಾಕ್ಷಿಯನ್ನೋ ಕಟ್ಟಿಕೊಡುವುದು ಇನ್ನೂ ಮೊದಲ ವರ್ಗಕ್ಕೆ ಸೇರಿದೆ.

ಇದೇ ತೊಡಕು ಬೇರೆ ರೂಪದಲ್ಲಿ ಮೊಬೈಲಿಗೂ ಬಂದಿದೆ. ಗಾಡಿ ಬೇಗ ಸಿಗಬೇಕಾದರೆ ಮೊದಲೇ ಟಿಪ್ಸು ಸೇರಿಸಿರೆಂದು ಸೂಚಿಸುವ ವ್ಯವಸ್ಥೆಯ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಉಬರ್ ಕಂಪನಿಗೆ ನೋಟಿಸು ನೀಡಿತು. ಟಿಪ್ಸು ಸೇವೆಯ ನಂತರದ ಮೆಚ್ಚುಗೆಯೇ ಹೊರತು ಸೇವೆಗೆ ಮುಂಚಿನ ಹಕ್ಕಲ್ಲ ಎಂಬುದು ಸರ್ಕಾರದ ನಿಲುವಾಗಿತ್ತು. ಅದೇ ವರ್ಷ ಕರ್ನಾಟಕವು ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬಿಡಿಬಿಡಿಯಾಗಿ ಕೆಲಸ ಪಡೆಯುವವರ, ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾನೂನು ಮಾಡಿ, ಪ್ರತಿ ಪಾವತಿಯ ಶೇ. 1ರಿಂದ 5ರಷ್ಟನ್ನು ಕಂಪನಿಗಳಿಂದ ಕ್ಷೇಮಾಭಿವೃದ್ಧಿ ಶುಲ್ಕವಾಗಿ ಪಡೆಯಲು ಅವಕಾಶ ಕಲ್ಪಿಸಿತು. ಮನೆಗೆ ಊಟ ತಂದುಕೊಡುವ ಹುಡುಗನಿಗೆ ವಿಜಯಪುರದ ಬೇಸಿಗೆಯಲ್ಲಿ ಟಿಪ್ಸಿಗಿಂತ ಮೊದಲು ಒಂದು ಲೋಟ ತಣ್ಣೀರು ಕೊಡುವ ಮನೆಗಳು ಬಹಳ, ಮತ್ತು ಅದು ಈ ಸೀಮೆಯ ಹಳೆಯ ಸಂಸ್ಕಾರವೇ.

ಸರ್ಕಾರಿ ನೌಕರರಿಗೆ ಸಂಬಂಧಿಸಿದಂತೆ ಭಕ್ಷೀಸು ಎಂಬ ಮಾತಿಗೇ ಎಡೆಯಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ ಪ್ರಕಾರ ಸಾರ್ವಜನಿಕ ನೌಕರ ತನ್ನ ಕರ್ತವ್ಯಕ್ಕಾಗಿ ಪಡೆಯುವ ಅನುಚಿತ ಲಾಭ ಅಪರಾಧ. 2018ರ ತಿದ್ದುಪಡಿಯ ನಂತರ ಕೊಟ್ಟವನೂ ತಪ್ಪಿತಸ್ಥ, ಒತ್ತಾಯಕ್ಕೆ ಒಳಗಾಗಿ ಕೊಟ್ಟಿದ್ದರೆ ಏಳು ದಿನಗಳೊಳಗೆ ದೂರು ಕೊಡಬೇಕು. ಹೆರಿಗೆಯ ಸುದ್ದಿ ತಂದವರಿಗೆ ಖುಷಿ ಕೊಡುವ ಹಳೆಯ ಸಂಪ್ರದಾಯ ಸರ್ಕಾರಿ ಆಸ್ಪತ್ರೆಯ ವಾರ್ಡಿನೊಳಗೆ ಬಂದಾಗ ಅದು ಗಂಡು ಮಗುವಿಗೆ ಒಂದು, ಹೆಣ್ಣು ಮಗುವಿಗೆ ಒಂದು ಎಂಬ ವಸೂಲಿಯಾಗಬಲ್ಲದು; ಸರ್ಕಾರಿ ಸಂಸ್ಥೆಗಳಲ್ಲಿ ಹೆರಿಗೆ ಸಂಪೂರ್ಣ ಉಚಿತವೆಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿಯೇ ಸಾರಿದೆ. ಬಸ್ಸಿನ ಕಂಡಕ್ಟರು ಟಿಕೆಟಿನ ಹಿಂದೆ ಬರೆದುಕೊಟ್ಟ ಬಾಕಿ ಚಿಲ್ಲರೆಯನ್ನು ಪ್ರಯಾಣಿಕ ಮರೆತು ಇಳಿದರೆ ಅದೂ ಟಿಪ್ಸಲ್ಲ; ಮರೆತದ್ದು ಬೇರೆ, ಕೊಟ್ಟದ್ದು ಬೇರೆ. ಅಡುಗೆ ಅನಿಲದ ಸಿಲಿಂಡರನ್ನು ತರುವವರು ಸರ್ಕಾರಿ ನೌಕರರಲ್ಲವಾದರೂ ಬಿಲ್ಲಿನಲ್ಲಿಯೇ ತಲಪಿಸುವ ವೆಚ್ಚ ಸೇರಿರುವುದರಿಂದ ಹೆಚ್ಚಿಗೆ ಕೊಡಬೇಕಿಲ್ಲವೆಂದು ತೈಲ ಕಂಪನಿಗಳು ಹೇಳುತ್ತವೆ; ಮೂರನೆಯ ಮಹಡಿಗೆ ಹೊತ್ತು ತಂದವರಿಗೆ ಮನಸಾರೆ ಕೊಡುವುದನ್ನು ಯಾವ ನಿಯಮವೂ ತಡೆಯುವುದಿಲ್ಲ.

ದೊಡ್ಡ ಹೋಟೆಲುಗಳಲ್ಲಿ ಬಿಲ್ಲಿನೊಳಗೇ ಸೇರಿಸುವ ಸೇವಾ ಶುಲ್ಕವನ್ನು ಗ್ರಾಹಕನ ಮೇಲೆ ಹೇರುವಂತಿಲ್ಲವೆಂಬ 2022ರ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಎತ್ತಿಹಿಡಿಯಿತು. ಟಿಪ್ಸಿನ ಹಣ ನೌಕರನ ಸಂಬಳವಲ್ಲ, ಆದ್ದರಿಂದ ಮಾಲೀಕ ಅದರ ಮೇಲೆ ಮೂಲದಲ್ಲಿ ತೆರಿಗೆ ಕಡಿಯಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಹೋಟೆಲೊಂದರ ಪ್ರಕರಣದಲ್ಲಿ ತೀರ್ಪಿತ್ತಿದೆ. ಖಾನಾವಳಿಗಳ ಮಟ್ಟಿಗೆ ಇವೆರಡೂ ದೂರದ ಸುದ್ದಿಗಳು.

ಹತ್ತಿರದ ಸುದ್ದಿಯೆಂದರೆ ಚಿಲ್ಲರೆ ಮಾಯವಾದದ್ದು. 2016ರ ನವೆಂಬರಿನ ನೋಟು ರದ್ದತಿಯ ಬೆನ್ನಿಗೆ ಹರಡತೊಡಗಿದ ಯುಪಿಐ ಪಾವತಿಯಲ್ಲಿ ಬಿಲ್ಲು ಪೈಸೆ ತಪ್ಪದೆ ಸಂದಾಯವಾಗುತ್ತದೆ. ಬಡೇಸೋಪಿನ ತಾಟು ಬರುತ್ತದೆ, ಅದರಲ್ಲಿ ಬಿಟ್ಟುಹೋಗಲು ನಾಣ್ಯವಿರುವುದಿಲ್ಲ. ಬಿಲ್ಲಿಗಿಂತ ಹತ್ತು ರೂಪಾಯಿ ಹೆಚ್ಚು ಹಾಕಿದರೆ ಅದು ಹೋಗುವುದು ಗೋಡೆಯ ಮೇಲಿನ ಕ್ಯೂಆರ್ ಚೀಟಿಯ ಒಡೆಯನಾದ ಮಾಲೀಕನ ಖಾತೆಗೆ, ಸಪ್ಲಾಯರನ ಜೇಬಿಗಲ್ಲ. ಹೀಗಾಗಿ ಟಿಪ್ಸಿಗೆಂದೇ ಹತ್ತರ, ಇಪ್ಪತ್ತರ ನೋಟುಗಳನ್ನು ಬೇರೆ ಇಟ್ಟುಕೊಳ್ಳುವ ಗಿರಾಕಿಗಳು ಕಾಣಸಿಗುತ್ತಾರೆ. ಹತ್ತರ ನಾಣ್ಯ ಈ ಕೆಲಸಕ್ಕೆ ಅನುಕೂಲವಾಗಬಹುದಿತ್ತು. ಆದರೆ ಅದರ 14 ವಿನ್ಯಾಸಗಳೂ ಚಲಾವಣೆಯಲ್ಲಿವೆಯೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿದ್ದರೂ ಉತ್ತರ ಕರ್ನಾಟಕದ ಅಂಗಡಿಕಾರರು ಬಹಳ ಕಾಲ ಅದನ್ನು ಮುಟ್ಟಲು ಹಿಂಜರಿದರು, ಮೇಜಿನ ಮೇಲೆ ಅದನ್ನು ಬಿಟ್ಟುಹೋದ ಗಿರಾಕಿ ತನ್ನ ಮನಸ್ಸಿಗೆ ಕೊಟ್ಟಂತಾದರೂ ಪಡೆದವನು ಅದನ್ನು ನಡೆಸಲು ನಾಲ್ಕು ಅಂಗಡಿ ತಿರುಗಬೇಕಾಗುತ್ತಿತ್ತು.